ಊರಾಚೆಯ ಸೈಟು ಯಾಕೆ ಅಗ್ಗ? ಬೆಂಗಳೂರಿನಿಂದ ಹಳ್ಳಿ ಕಡೆ ಹೊರಟವರ ಲೆಕ್ಕ

ಶನಿವಾರ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಕಡಬಗೆರೆ ಕ್ರಾಸ್ ದಾಟಿ ತಾವರೆಕೆರೆ ಕಡೆ ಬನ್ನಿ. ರಸ್ತೆ ಬದಿಯಲ್ಲಿ ಅಲ್ಲಲ್ಲಿ ಕಾರು ನಿಂತಿರುತ್ತದೆ. ಬಾನೆಟ್ ಮೇಲೆ ಲೇಔಟ್ ನಕ್ಷೆ ಹಾಸಿರುತ್ತಾರೆ. ಗಾಳಿಗೆ ಹಾರದ ಹಾಗೆ ಒಂದು ತುದಿಗೆ ಕಾರಿನ ಕೀ, ಇನ್ನೊಂದು ತುದಿಗೆ ಮೊಬೈಲು. ಗಂಡ ನಕ್ಷೆ ನೋಡುತ್ತಿರುತ್ತಾನೆ, ಹೆಂಡತಿ ಸುತ್ತಲಿನ ಹೊಲ ನೋಡುತ್ತಿರುತ್ತಾಳೆ. ಅಜ್ಜಿ ಹಿಂದಿನ ಸೀಟಿನಲ್ಲಿ ಬಾಗಿಲು ತೆಗೆದುಕೊಂಡು ಗಾಳಿಗೆ ಕೂತಿರುತ್ತಾರೆ. ಬ್ರೋಕರ್ ಕೈ ಚಾಚಿ, "ಅಗೋ ಸಾರ್, ಆ ಹುಣಸೆ ಮರ ಕಾಣ್ತಿದೆಯಲ್ಲ, ಅಲ್ಲಿ ತನಕ ಮೆಟ್ರೋ ಬರುತ್ತೆ" ಅನ್ನುತ್ತಾನೆ.

ನಾಲ್ಕು ವರ್ಷದ ಹಿಂದೆ ಹಾಗೆ ನಿಂತವರಲ್ಲಿ ನಾವೂ ಇದ್ದೆವು. ವಿಜಯನಗರದ ಬಾಡಿಗೆ ಮನೆ ಬಿಟ್ಟು ತಾವರೆಕೆರೆ ಆಚೆ ಒಂದು ಸೈಟು ತಗೊಂಡು ಮನೆ ಕಟ್ಟಿಕೊಂಡೆವು. ಅವತ್ತಿನಿಂದ ನೆಂಟರು, ಗೆಳೆಯರು, ಆಫೀಸಿನವರು ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಅಷ್ಟು ದೂರ ಯಾಕೆ ಹೋದಿರಿ? ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ: ಅಲ್ಲಿ ಈಗ ರೇಟು ಎಷ್ಟು ನಡೀತಿದೆ?

ಜನ ಹೊರಗೆ ಹೋಗುವುದು ನೆಲ ಅಗ್ಗ ಅಂತ. ಇದು ಎಲ್ಲರಿಗೂ ಗೊತ್ತು. ಆದರೆ ಆ ನೆಲ ಯಾಕೆ ಅಗ್ಗ? ದೂರ ಇದೆ, ಅದಕ್ಕೇ ಅಗ್ಗ ಅಂತ ನಾನೂ ಅಂದುಕೊಂಡಿದ್ದೆ. ಅದು ಅರ್ಧ ಮಾತ್ರ ನಿಜ. ಊರೊಳಗಿನ ಸೈಟಿನ ಬೆಲೆಯಲ್ಲಿ ನೀರು, ಒಳಚರಂಡಿ, ಪಾರ್ಕು, ರಸ್ತೆ, ತಕರಾರಿಲ್ಲದ ಕಾಗದ ಎಲ್ಲ ಸೇರಿರುತ್ತದೆ. ಹೊರಗಿನ ಸೈಟಿನಲ್ಲಿ ಇವುಗಳಲ್ಲಿ ಕೆಲವನ್ನು ತೆಗೆದಿಟ್ಟು ಉಳಿದದ್ದಕ್ಕೆ ಮಾತ್ರ ರೇಟು ಹೇಳುತ್ತಾರೆ. ತೆಗೆದಿಟ್ಟದ್ದನ್ನು ನಾವು ಆಮೇಲೆ ವರ್ಷಗಟ್ಟಲೆ ಕಂತು ಕಂತಾಗಿ ತುಂಬಿಕೊಳ್ಳಬೇಕು. ಏನೇನು ತೆಗೆದಿಟ್ಟಿದ್ದಾರೆ ಅಂತ ಮೊದಲೇ ಗೊತ್ತಿದ್ದವರು ಇಲ್ಲಿ ನೆಮ್ಮದಿಯಾಗಿದ್ದಾರೆ. ಗೊತ್ತಿಲ್ಲದೆ ಬಂದವರು ಎರಡು ಬೇಸಿಗೆ ಕಳೆದು ವಾಪಸ್ ಹೋಗಿದ್ದನ್ನೂ ನೋಡಿದ್ದೇನೆ.

ನಮ್ಮ ಜಾಗ ಎಲ್ಲಿ?

ಬೆಂಗಳೂರಿನಲ್ಲಿ ನೆಲದ ಕೊರತೆ ಹೇಗೆ ಶುರುವಾಯಿತು ಅನ್ನುವುದನ್ನು ಮೊದಲು ನೋಡೋಣ. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರಲ್ಲಿ ಸುಮಾರು 65 ಲಕ್ಷ ಜನ ಇದ್ದರು. 2011ರ ಜನಗಣತಿಯಲ್ಲಿ 96 ಲಕ್ಷ. ಹತ್ತೇ ವರ್ಷಕ್ಕೆ 30 ಲಕ್ಷ ಜನ ಜಾಸ್ತಿ. ಅಷ್ಟು ಜನಕ್ಕೆ ಸೈಟು ಮಾಡಿಕೊಡುವ ಕೆಲಸ 1945ರಿಂದ ಸಿಐಟಿಬಿ (ನಗರ ಸುಧಾರಣಾ ಟ್ರಸ್ಟ್ ಮಂಡಳಿ) ಕೈಯಲ್ಲಿತ್ತು, 1976ರಿಂದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕೈಗೆ ಬಂತು. ಒಂದು ಕಾಲದಲ್ಲಿ ಸಾಮಾನ್ಯ ನೌಕರ ಕೂಡ ಅರ್ಜಿ ಹಾಕಿ, ಕಾದು, ಬಿಡಿಎ ಸೈಟು ಪಡೆದು ಮನೆ ಕಟ್ಟುತ್ತಿದ್ದ. ನಮ್ಮ ಅಪ್ಪನ ಜೊತೆ ಕೆಲಸ ಮಾಡಿದವರಲ್ಲಿ ಎಷ್ಟೋ ಜನ ಹಾಗೇ ಮನೆ ಮಾಡಿಕೊಂಡವರು. ಆಮೇಲೆ ಭೂಸ್ವಾಧೀನ ಕಷ್ಟ ಆಯಿತು, ಕೇಸುಗಳು ಬಿದ್ದವು, ಒಂದು ಬಡಾವಣೆಗೂ ಇನ್ನೊಂದಕ್ಕೂ ನಡುವೆ ವರ್ಷಗಳು ಉರುಳಿದವು. ಅರ್ಕಾವತಿ ಬಡಾವಣೆಯ ಅಧಿಸೂಚನೆ ಬಂದದ್ದು 2003ರಲ್ಲಿ. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಹಂಚಿಕೆ ಶುರುವಾದದ್ದು 2016ರಲ್ಲಿ. ಈ ನಡುವೆ ಜನ ಕಾಯುತ್ತಾ ಕೂರಲಿಲ್ಲ. ಸರ್ಕಾರಿ ಸೈಟು ಸಿಗದಿದ್ದಾಗ ರೈತರ ಹೊಲದ ಕಡೆ, ಖಾಸಗಿ ಲೇಔಟುಗಳ ಕಡೆ ತಿರುಗಿದರು.

ಫ್ಲ್ಯಾಟ್ ಇತ್ತಲ್ವಾ ಅಂತ ಕೇಳಬಹುದು. ನಾವೂ ನೋಡಿದೆವು. 1,200 ಚದರಡಿ ಫ್ಲ್ಯಾಟ್ ಕೊಂಡರೆ ನೆಲದಲ್ಲಿ ಸಿಗುವುದು "ಅವಿಭಜಿತ ಪಾಲು". ಅಂದರೆ ಇಡೀ ಜಾಗದಲ್ಲಿ ಎಲ್ಲರ ಜೊತೆ ನಮಗೂ ಒಂದಿಷ್ಟು ಹಕ್ಕು. ಮಹಡಿ ಜಾಸ್ತಿ ಆದಷ್ಟೂ ಆ ಪಾಲು ಸಣ್ಣದಾಗುತ್ತದೆ. ಅಪ್ಪ ಎಲ್ಲ ಕೇಳಿಸಿಕೊಂಡು ಸೇಲ್ಸ್ ಹುಡುಗನಿಗೆ, "ಸರಿ ಕಣಪ್ಪ, ಇದರಲ್ಲಿ ನಮ್ಮ ಜಾಗ ಯಾವುದು, ಒಂದ್ಸಲ ತೋರಿಸು" ಅಂದರು. ಹುಡುಗ ನಾಲ್ಕನೇ ಮಹಡಿ ತೋರಿಸಿದ. ಅಪ್ಪನಿಗೆ ಬೇಕಾಗಿದ್ದದ್ದು ಕಾಲಿಟ್ಟು ನಿಲ್ಲುವ ಜಾಗ.

ಇದನ್ನು ಬರೀ ಹಳೇ ಕಾಲದವರ ಹಟ ಅಂತ ತಳ್ಳಿಹಾಕಬೇಡಿ. ಕಟ್ಟಡ ಹಳೆಯದಾಗುತ್ತಾ ಬೆಲೆ ಕಳೆದುಕೊಳ್ಳುತ್ತದೆ. ಬೆಲೆ ಏರುವುದು ಅದರ ಕೆಳಗಿನ ನೆಲಕ್ಕೆ. ಸೈಟು ಇದ್ದರೆ ಕೈಯಲ್ಲಿ ದುಡ್ಡಿದ್ದಷ್ಟು ಕಟ್ಟಬಹುದು. ಈ ವರ್ಷ ಎರಡು ರೂಮು, ಮಗಳ ಓದು ಮುಗಿದ ಮೇಲೆ ಮೇಲೊಂದು ಮನೆ. ತಿಂಗಳ ಸಂಬಳದ ಮೇಲೆ ಬದುಕುವವರಿಗೆ ಇದು ದೊಡ್ಡ ಅನುಕೂಲ. ಊರೊಳಗೆ ಇದು ಕೈಗೆಟುಕದಾದಾಗ ಅದೇ ದುಡ್ಡಿಗೆ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗುತ್ತಾರೆ.

ಯಾವ ದಿಕ್ಕಿಗೆ ಹೋಗುತ್ತಾರೆ ಅನ್ನುವುದರಲ್ಲೂ ಒಂದು ಸ್ವಾರಸ್ಯ ಇದೆ. ಬೆಂಗಳೂರಿಗೆ ಹೊರಗಿನಿಂದ ಬಂದವರು ತಮ್ಮ ಊರಿನ ಬಸ್ಸು ಹೋಗುವ ರಸ್ತೆಯಲ್ಲೇ ಸೈಟು ಹುಡುಕುವುದನ್ನು ಬೇಕಾದಷ್ಟು ನೋಡಿದ್ದೇನೆ. ತುಮಕೂರು, ಹಾಸನದವರು ನೆಲಮಂಗಲ ಕಡೆ. ಮಂಡ್ಯದವರು ಕೆಂಗೇರಿ, ಬಿಡದಿ ಕಡೆ. ಕೋಲಾರದವರು ಹೊಸಕೋಟೆ ಕಡೆ. ನಮ್ಮದು ಕುಣಿಗಲ್ ಕಡೆಯ ಊರು. ನಾವು ಮಾಗಡಿ ರಸ್ತೆ ಹಿಡಿದೆವು. ಹಬ್ಬಕ್ಕೆ ಊರಿಗೆ ಹೋಗುವಾಗ ಇಡೀ ಬೆಂಗಳೂರು ದಾಟುವ ಕೆಲಸ ಈಗ ಇಲ್ಲ.

ರಸ್ತೆ ಬಂದರೆ ಊರು ಹಿಗ್ಗುತ್ತದೆ

ಇಟಲಿಯ ಭೌತವಿಜ್ಞಾನಿ ಸೀಸರ್ ಮಾರ್ಕೆಟ್ಟಿ 1994ರಲ್ಲಿ ಒಂದು ವಿಚಾರ ಮುಂದಿಟ್ಟರು. ಮನುಷ್ಯರು ದಿನಕ್ಕೆ ಓಡಾಟಕ್ಕೆ ಕೊಡುವ ಸಮಯ ಹೆಚ್ಚು ಕಡಿಮೆ ಒಂದು ಗಂಟೆ. ನಡೆಯುವ ಕಾಲದಲ್ಲೂ ಅಷ್ಟೇ, ಕಾರಿನ ಕಾಲದಲ್ಲೂ ಅಷ್ಟೇ. ವೇಗ ಜಾಸ್ತಿಯಾದರೆ ಉಳಿದ ಸಮಯದಲ್ಲಿ ಜನ ಮನೆಯಲ್ಲಿ ಕೂರುವುದಿಲ್ಲ, ಇನ್ನಷ್ಟು ದೂರ ಹೋಗಿ ಮನೆ ಮಾಡುತ್ತಾರೆ. ನಡೆದು ಓಡಾಡುವ ಕಾಲದ ಪೇಟೆಯನ್ನು ಈ ತುದಿಯಿಂದ ಆ ತುದಿಗೆ ನಡೆದೇ ಮುಗಿಸಬಹುದಿತ್ತು. ಬಸ್ಸು, ಸ್ಕೂಟರು ಬಂದಾಗ ಊರು ಹಿಗ್ಗಿತು.

ಬೆಂಗಳೂರಿನ ಸುತ್ತ ಇದು ಕಣ್ಣಿಗೆ ಕಾಣುವ ಹಾಗೆ ನಡೆದಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ದ್ರಾಕ್ಷಿ, ಚಕ್ಕೋತ ಬೆಳೆಯುತ್ತಿದ್ದ ಕಡೆ ಸೈಟಿನ ಕಲ್ಲು ಎದ್ದವು. ನೈಸ್ ರಸ್ತೆ ಆದಮೇಲೆ ಮಾಗಡಿ ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಊರೊಳಗೆ ನುಗ್ಗದೆ ಹೋಗುವ ದಾರಿ ಸಿಕ್ಕಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ, ಆನೇಕಲ್, ಕನಕಪುರ, ರಾಮನಗರ, ಮಾಗಡಿ ಇವನ್ನೆಲ್ಲ ಸುತ್ತಿ ಬರುವ ಸುಮಾರು 280 ಕಿಲೋಮೀಟರಿನ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯ ಹೆಸರು ಹೇಳದ ಬ್ರೋಕರ್ ಇಲ್ಲ. ಮೆಟ್ರೋ ವಿಷಯವೂ ಇಷ್ಟೇ. ಮೂರನೇ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2024ರ ಆಗಸ್ಟ್‌ನಲ್ಲಿ. ಅದರಲ್ಲಿ ಹೊಸಹಳ್ಳಿಯಿಂದ ಕಡಬಗೆರೆವರೆಗೆ 12.5 ಕಿಲೋಮೀಟರ್ ಇದೆ. ಕಡಬಗೆರೆಯಿಂದ ಮುಂದೆ, ನಮ್ಮ ಕಡೆಗೆ ಇಲ್ಲ. ಆದರೂ ಬರಲಿರುವ ಮೆಟ್ರೋದ ಬೆಲೆ ತಾವರೆಕೆರೆ ಸೈಟಿನ ರೇಟಿನಲ್ಲಿ ಆಗಲೇ ಸೇರಿಬಿಟ್ಟಿದೆ. ಇನ್ನೂ ಇಲ್ಲದ ಚರಂಡಿಯ ಬೆಲೆಯನ್ನು ಮಾತ್ರ ಯಾರೂ ಕಳೆದು ಹೇಳುವುದಿಲ್ಲ.

2020ರ ಕೊರೊನಾ ಈ ಲೆಕ್ಕವನ್ನೇ ಬದಲಿಸಿತು. ದಿನಕ್ಕೆ ಒಂದು ಗಂಟೆ ಅನ್ನುವುದನ್ನು ವಾರದ ಲೆಕ್ಕಕ್ಕೆ ತಿರುಗಿಸಿ ನೋಡಿ. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗಬೇಕಾದವರು ಆ ಎರಡು ದಿನ ಮೂರು ಗಂಟೆ ಓಡಾಡಿದರೂ ತಡೆದುಕೊಳ್ಳುತ್ತಾರೆ. ಎರಡು ರೂಮಿನ ಮನೆಯಲ್ಲಿ ಇಬ್ಬರ ಆಫೀಸು, ಒಬ್ಬಳ ಸ್ಕೂಲು, ಅಪ್ಪನ ಟಿವಿ ಎಲ್ಲ ಒಟ್ಟಿಗೆ ನಡೆಸಿದವರಿಗೆ ಬಾಗಿಲಾಚೆ ಸ್ವಲ್ಪ ಬಯಲು ಇದ್ದರೆ ಹೇಗಿರುತ್ತಿತ್ತು ಅಂತ ಅನಿಸದೇ ಇರಲಿಲ್ಲ. ನಮ್ಮ ಲೇಔಟಿನಲ್ಲಿ ಮನೆ ಕಟ್ಟಿದವರಲ್ಲಿ ಹೆಚ್ಚಿನವರು ಆಮೇಲೆ ಬಂದವರೇ. ಈಗ ಕೆಲವರ ಕಂಪನಿಗಳು ವಾರಪೂರ್ತಿ ಬನ್ನಿ ಅನ್ನುತ್ತಿವೆ. ಅವರ ಮುಖದಲ್ಲಿ ಆಯಾಸ ಕಾಣುತ್ತದೆ.

ಒಂದು ಎಕರೆಯಲ್ಲಿ ಎಷ್ಟು ಸೈಟು?

ಅಗ್ಗದ ಗುಟ್ಟು ಇಲ್ಲಿದೆ. ಒಂದು ಎಕರೆ ಅಂದರೆ 40 ಗುಂಟೆ. ಒಂದು ಗುಂಟೆ 1,089 ಚದರಡಿ. ಒಟ್ಟು 43,560 ಚದರಡಿ. ನಿಯಮದ ಪ್ರಕಾರ ಲೇಔಟ್ ಮಾಡಿದರೆ ರಸ್ತೆಗೆ, ಪಾರ್ಕಿಗೆ, ಸಾರ್ವಜನಿಕ ಕೆಲಸಕ್ಕೆ ಜಾಗ ಬಿಡಬೇಕು. ಮಾರೋಕೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. 30–40ರ ಸೈಟು 1,200 ಚದರಡಿ. ಒಂದು ಎಕರೆಗೆ ಸುಮಾರು 20 ಸೈಟು ಆಗುತ್ತದೆ ಅಂತ ಇಟ್ಟುಕೊಳ್ಳಿ.

ಪಾರ್ಕು ಬಿಡದೆ, ಎರಡು ಆಟೋ ಎದುರುಬದುರು ಬಂದರೆ ಒಂದು ಹಿಂದೆ ಸರಿಯಬೇಕಾದ ರಸ್ತೆ ಮಾಡಿ, ಚರಂಡಿಗೆ ಜಾಗವೇ ಇಡದೆ ಕತ್ತರಿಸಿದರೆ ಅದೇ ಎಕರೆಯಲ್ಲಿ 28 ಸೈಟು ತೆಗೆಯಬಹುದು. ಎಂಟು ಸೈಟು ಜಾಸ್ತಿ. ಜೊತೆಗೆ ಕನ್ವರ್ಷನ್ (ಹೊಲವನ್ನು ವಸತಿಗೆ ಬದಲಿಸುವ) ಶುಲ್ಕ ಇಲ್ಲ, ಪ್ಲಾನ್ ಮಂಜೂರಾತಿ ಇಲ್ಲ, ಪೈಪು ಹಾಕುವ ಖರ್ಚಿಲ್ಲ. ಪಕ್ಕದ ಲೇಔಟಿಗಿಂತ ಕಮ್ಮಿ ರೇಟಿಗೆ ಕೊಟ್ಟರೂ ಮಾರುವವನಿಗೆ ನಷ್ಟ ಆಗುವುದಿಲ್ಲ. ಜನ ರೆವಿನ್ಯೂ ಸೈಟು ಅನ್ನುವುದು ಇದಕ್ಕೇ. ಆ ಎಂಟು ಸೈಟು ಬಂದದ್ದು ಮಕ್ಕಳು ಆಡಬೇಕಿದ್ದ ಜಾಗದಿಂದ, ಫೈರ್ ಇಂಜಿನ್ ಬರಬೇಕಿದ್ದ ರಸ್ತೆಯಿಂದ, ಮಳೆ ನೀರು ಹರಿಯಬೇಕಿದ್ದ ದಾರಿಯಿಂದ.

ಸರಿಯಾದ ಸೈಟಿನ ಹಿಂದೆ ಮೂರು ಮೆಟ್ಟಿಲು ಇರುತ್ತದೆ. ಮೊದಲನೆಯದು ಭೂಪರಿವರ್ತನೆ. ಹೊಲವನ್ನು ವಸತಿಗೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸಾಮಾನ್ಯವಾಗಿ ಜಿಲ್ಲಾಧಿಕಾರಿ (ಡಿಸಿ) ಅನುಮತಿ ಬೇಕು. ಡಿಸಿ ಕನ್ವರ್ಷನ್ ಅನ್ನುವುದು ಇದನ್ನೇ. ತುಂಬಾ ಜನ ಇಲ್ಲಿಗೇ ನಿಲ್ಲುತ್ತಾರೆ. "ಡಿಸಿ ಕನ್ವರ್ಟೆಡ್" ಅಂತ ಬೋರ್ಡು ನೋಡಿ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಕನ್ವರ್ಷನ್ ಆಯಿತು ಅಂದಮಾತ್ರಕ್ಕೆ ಲೇಔಟ್ ಮಂಜೂರಾಯಿತು ಅಂತಲ್ಲ. ಎರಡನೇ ಮೆಟ್ಟಿಲು, ಆ ಭಾಗದ ಯೋಜನಾ ಪ್ರಾಧಿಕಾರ ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡಬೇಕು. ಮೂರನೆಯದು, ರಸ್ತೆ, ಪಾರ್ಕು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟು, ಕೆಲಸ ಮುಗಿದ ಮೇಲೆ ಸೈಟು ಬಿಡುಗಡೆ ಆಗಬೇಕು. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಬೇಕು. ಅದನ್ನು ಮೊಬೈಲಿನಲ್ಲೇ ನೋಡಬಹುದು, ಐದು ನಿಮಿಷದ ಕೆಲಸ.

ಪಂಚಾಯ್ತಿ ಮಟ್ಟದಲ್ಲಿ ಇದರ ಗುರುತು ಇ-ಸ್ವತ್ತಿನ, ಅಂದರೆ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆಯ, ಕಾಗದ. ನಮೂನೆ 9ರ ಜೊತೆ 11ಎ ಇದ್ದರೆ ಕ್ರಮಬದ್ಧ ಆಸ್ತಿ. 11ಬಿ ಇದ್ದರೆ ಏನೋ ಬಾಕಿ ಇದೆ ಅಂತ ಅರ್ಥ. 11ಬಿ ಸೈಟಿಗೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಹಾಗಂತ ಅದು ಸಕ್ರಮ ಆಗುವುದಿಲ್ಲ. ಸರ್ಕಾರಿ ಬ್ಯಾಂಕುಗಳು ಅದರ ಮೇಲೆ ಸಾಲ ಕೊಡೋಕೆ ಹಿಂದೇಟು ಹಾಕುತ್ತವೆ. ಮೊದಲು ಮನೆ ಕಟ್ಟಿ ಆಮೇಲೆ ನೋಡಿಕೊಳ್ಳೋಣ ಅನ್ನುವ ಕಾಲವೂ ಮುಗಿಯುತ್ತಾ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರ (ಕಟ್ಟಡ ನಿಯಮದಂತೆ ಮುಗಿದಿದೆ ಅಂತ ಕೊಡುವ ಒಸಿ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಅಂತ ಖಡಾಖಂಡಿತವಾಗಿ ಹೇಳಿತು.

ಇನ್ನೊಂದು ಮಾತು. 2020ರವರೆಗೆ ಕರ್ನಾಟಕದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳೋಕೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ಅಡ್ಡ ಇದ್ದವು. ಆ ವರ್ಷ ಅವನ್ನು ತೆಗೆದರು. ಅಲ್ಲಿಂದ ಈಚೆಗೆ ಐದು ಗುಂಟೆ, ಹತ್ತು ಗುಂಟೆಯ "ಫಾರ್ಮ್ ಪ್ಲಾಟು"ಗಳ ಜಾಹೀರಾತು ಎಲ್ಲೆಲ್ಲೂ. ಕೊಳ್ಳುವುದು ಈಗ ತಪ್ಪಲ್ಲ. ಆದರೆ ಕೊಂಡ ಮೇಲೂ ಅದು ಕೃಷಿ ಜಮೀನೇ. ಮಾವಿನ ಗಿಡ ಹಾಕಬಹುದು. ವಾಸದ ಮನೆಗಳ ಬಡಾವಣೆ ಮಾಡೋಕಾಗಲ್ಲ.

ಇಬ್ಬರು ಹೆಣ್ಣುಮಕ್ಕಳ ಹೆಸರು

ಈಗಿನ ಸೈಟಿಗೆ ಮುಂಚೆ ನಾವು ಇನ್ನೊಂದು ಸೈಟು ಒಪ್ಪಿದ್ದೆವು. ರೇಟು ಚೆನ್ನಾಗಿತ್ತು. ಮಾರುವವರೂ ಒಳ್ಳೆಯವರಾಗೇ ಕಂಡರು, ಮನೆಗೆ ಕರೆದು ಮಜ್ಜಿಗೆ ಕೊಟ್ಟರು. ಅಡ್ವಾನ್ಸ್ ಕೊಡುವ ಹಿಂದಿನ ವಾರ ನಮ್ಮ ವಕೀಲರು ವಂಶವೃಕ್ಷ ಕೇಳಿದರು. ಅದರಲ್ಲಿ ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಕ್ರಯಪತ್ರದ ಕರಡಿನಲ್ಲಿ ಇದ್ದದ್ದು ಮೂರೇ ಹೆಸರು.

"ಅಕ್ಕ ತಂಗೀರು ಎಲ್ಲಿ ಯಜಮಾನ್ರೇ?" ಅಂತ ಕೇಳಿದೆ.

"ಅವ್ರನ್ನ ಮದುವೆ ಮಾಡಿ ಕೊಟ್ಟಾಯ್ತಲ್ಲ ಸಾ. ಅವ್ರದ್ದೇನಿದೆ ಇದರಲ್ಲಿ?"

ಅವರದ್ದು ಇದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು. 2005ರಲ್ಲಿ ತಂದೆ ಬದುಕಿರಬೇಕಿತ್ತೇ ಅನ್ನುವ ಗೊಂದಲ ಇತ್ತು. ಬದುಕಿರಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಬಗೆಹರಿಸಿತು. ನಾವು ಆ ಸೈಟು ಬಿಟ್ಟೆವು. ಕೇಸಿನ ಭಯ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಯಾರೋ ಇಬ್ಬರು ಹೆಂಗಸರಿಗೆ ಬರಬೇಕಾದ್ದನ್ನು ತಪ್ಪಿಸಿ ಅದರ ಮೇಲೆ ನಮ್ಮ ದೇವರ ಮನೆ ಕಟ್ಟೋಕೆ ನನ್ನ ಹೆಂಡತಿ ಸುತರಾಂ ಒಪ್ಪಲಿಲ್ಲ.

ಪಹಣಿ ನೋಡುವಾಗ 9ನೇ ಕಾಲಂನಲ್ಲಿ ಯಜಮಾನರ ಹೆಸರು ನೋಡಿ ಸುಮ್ನಾಗಬೇಡಿ. 11ನೇ ಕಾಲಂ ಓದಿ. ಸಾಲ, ಇತರರ ಹಕ್ಕು ಎಲ್ಲ ಅಲ್ಲೇ ಕೂತಿರುತ್ತದೆ. ಮಂಜೂರಾದ ಜಮೀನು ಆಗಿದ್ದರೆ ಇನ್ನೂ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. 2023ರ ತಿದ್ದುಪಡಿ ಆದಮೇಲೆ ಎಷ್ಟು ವರ್ಷ ಆಗಿದ್ದರೂ ಆ ಭೂಮಿಯನ್ನು ಅವರು ವಾಪಸ್ ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಗ್ರಾಮ ನಕ್ಷೆಯಲ್ಲಿ ಹಳ್ಳ, ಬಂಡಿ ದಾರಿ, ಗುಂಡುತೋಪು ಎಲ್ಲಿತ್ತು ಅಂತ ಗುರುತು ಇರುತ್ತದೆ. ಬ್ರೋಕರ್ ತೋರಿಸುವ ಬಣ್ಣದ ನಕ್ಷೆಯಲ್ಲಿ ಹಳ್ಳ ಇರುವುದಿಲ್ಲ. ಮಳೆಗಾಲದಲ್ಲಿ ನೀರಿಗೆ ಮಾತ್ರ ಹಳೇ ದಾರಿ ನೆನಪಿರುತ್ತದೆ.

ಕಾವೇರಿ ಎಲ್ಲಿಯವರೆಗೆ ಬರುತ್ತಾಳೆ?

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ವಿಷಯ ನೀರು. ಜನ ಇದನ್ನೇ ಕೊನೆಗೆ ಕೇಳುತ್ತಾರೆ.

2007ರಲ್ಲಿ ಬೆಂಗಳೂರಿನ ಹಳೇ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಅನ್ನುವ ದೊಡ್ಡ ಪಾಲಿಕೆ ಮಾಡಿದರು. ಆ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 77.5 ಕೋಟಿ ಲೀಟರ್. ದೊಡ್ಡ ಕೆಲಸ, ಸಂದೇಹ ಇಲ್ಲ. ಆದರೆ ನಡುವೆ ಹದಿನೇಳು ವರ್ಷ ಹೋಯಿತು. ಊರಿಗೆ ಅಧಿಕೃತವಾಗಿ ಸೇರಿದ ಹಳ್ಳಿಗಳಿಗೇ ಇಷ್ಟು ಕಾಲ ಹಿಡಿಯಿತು ಅಂದರೆ, ಇನ್ನೂ ಪಂಚಾಯ್ತಿಯಲ್ಲೇ ಇರುವ ಜಾಗಕ್ಕೆ ಯಾವಾಗ? ಮಾರುವವರು "ಕಾವೇರಿ ಬರುತ್ತೆ ಸಾರ್" ಅಂದಾಗ ಈ ಹದಿನೇಳು ವರ್ಷ ನೆನಪಿರಲಿ.

ಅಲ್ಲಿಯವರೆಗೆ ಬೋರ್‌ವೆಲ್ಲೇ ಗತಿ. ಬೆಂಗಳೂರಿನ ಸುತ್ತ ಕೆಳಗಿರುವುದು ಗಟ್ಟಿ ಕಲ್ಲು. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಬಿರುಕು ಸಿಕ್ಕಿದರೆ ಪುಣ್ಯ, ಹತ್ತು ಅಡಿ ಪಕ್ಕಕ್ಕೆ ಹೋದರೆ ಬರೀ ಧೂಳು. ಸಾವಿರ ಅಡಿ ಕೊರೆಸುವುದು ಈಗ ಮಾಮೂಲಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಬೋರುಗಳು ಒಣಗಿ, ಟ್ಯಾಂಕರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು. ನೀರಿನ ಕಷ್ಟಕ್ಕೆ ಊರು ಬಿಟ್ಟೆವು ಅನ್ನುವವರು ಎಷ್ಟೋ ಸಲ ಅದೇ ಬಂಡೆಯ ಇನ್ನೊಂದು ಬದಿಗೆ ಬಂದಿರುತ್ತಾರೆ, ಅಷ್ಟೇ.

ನಮ್ಮ ಮನೆಯಿಂದ ತಿಪ್ಪಗೊಂಡನಹಳ್ಳಿ ಜಲಾಶಯ ದೂರ ಇಲ್ಲ. ನಂದಿ ಬೆಟ್ಟದ ಕಡೆಯಿಂದ ಅರ್ಕಾವತಿ, ಶಿವಗಂಗೆ ಕಡೆಯಿಂದ ಕುಮುದ್ವತಿ ಬಂದು ಇಲ್ಲಿ ಸೇರುತ್ತವೆ. 1933ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ನೀರು ಕುಡಿಸಿತು. ಆಮೇಲೆ ಒಳಹರಿವು ಕಮ್ಮಿಯಾಯಿತು, ಬಂದ ನೀರೂ ಕೊಳೆಯಾಯಿತು. 2012ರ ಹೊತ್ತಿಗೆ ಊರಿಗೆ ನೀರು ಕೊಡುವುದು ನಿಂತಿತು. ನದಿ ಪಾತ್ರದ ಸುತ್ತ ಲೆಕ್ಕವಿಲ್ಲದಷ್ಟು ಬೋರು, ನೀಲಗಿರಿ ತೋಪು, ಮುಚ್ಚಿಹೋದ ಕಾಲುವೆ, ಲೇಔಟುಗಳು, ಎಲ್ಲ ಸೇರಿ ಆದದ್ದು ಇದು. ಈ ಜಲಾನಯನದಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿ ಸರ್ಕಾರ 2003ರಲ್ಲಿ ಆದೇಶ ಹೊರಡಿಸಿತ್ತು. ಆಮೇಲೆ ಅದನ್ನು ಸಡಿಲ ಮಾಡಿದರು. ಬೆಂಗಳೂರಿಗೆ ನೀರು ಕೊಟ್ಟ ಹೊಳೆಯ ಪಕ್ಕ ಬೆಂಗಳೂರಿನವರೇ ಬಂದು ಟ್ಯಾಂಕರ್ ನೀರು ಕೊಳ್ಳುತ್ತಿದ್ದೇವೆ. ಇದನ್ನು ಬರೆಯುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಮಳೆ ನೀರು ಹಿಡಿದರೆ ಎಷ್ಟು ಸಿಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಈ ಕಡೆ ವರ್ಷಕ್ಕೆ ಹೆಚ್ಚು ಕಡಿಮೆ 90 ಸೆಂಟಿಮೀಟರ್ ಮಳೆ. ಸಾವಿರ ಚದರಡಿ ಛಾವಣಿ ಮೇಲೆ ಬೀಳುವುದು 80 ಸಾವಿರ ಲೀಟರಿಗೂ ಮೇಲೆ. ಹರಿದು ಚೆಲ್ಲಿ ಹೋದದ್ದು ಕಳೆದರೂ ಸುಮಾರು 70 ಸಾವಿರ ಲೀಟರ್ ಕೈಗೆ ಬರುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ನಾಲ್ಕು ಜನಕ್ಕೆ 540 ಲೀಟರ್. ನಾಲ್ಕು ತಿಂಗಳ ನೀರು ಆಯಿತು. ಅಷ್ಟನ್ನೂ ಸಂಪಿನಲ್ಲಿ ಇಡೋಕಾಗಲ್ಲ. ಹಿಡಿದಷ್ಟು ಹಿಡಿದು ಉಳಿದದ್ದನ್ನು ನೆಲಕ್ಕೆ ಇಂಗಿಸಬೇಕು.

ಒಳಚರಂಡಿ ಇಲ್ಲದ ಕಡೆ ಶೌಚಾಲಯದ ನೀರಿಗೆ ಪಿಟ್ಟು ತೋಡಲೇಬೇಕು. ಬೋರಿಗೂ ಅದಕ್ಕೂ ಕನಿಷ್ಠ 50 ಅಡಿ ಅಂತರ ಇರಲಿ ಅನ್ನುತ್ತಾರೆ. 30–40ರ ಸೈಟಿನಲ್ಲಿ 50 ಅಡಿ ಎಲ್ಲಿಂದ ತರುವುದು? ನಮ್ಮ ಬೋರು ನಮ್ಮ ಪಿಟ್ಟಿನಿಂದ ದೂರ ಇದ್ದರೆ ಪಕ್ಕದ ಮನೆಯವರ ಪಿಟ್ಟಿಗೆ ಹತ್ತಿರ ಇರುತ್ತದೆ. ಮನೆ ಮನೆಗೂ ಬೋರು ಬೇಡ, ಲೇಔಟಿಗೆಲ್ಲ ಒಂದೋ ಎರಡೋ ಇರಲಿ ಅಂತ ನಾವು ಕೂತು ಮಾತಾಡಿ ತೀರ್ಮಾನ ಮಾಡಿದ್ದು ಇದಕ್ಕೇ.

ಉಳಿದದ್ದು ದಿನದ ಬದುಕು. ಕರೆಂಟು ಮಳೆಗಾಲದಲ್ಲಿ ಕೈ ಕೊಡುತ್ತದೆ. ಕಸದ ಗಾಡಿ ಬರುವ ದಿನ ಬರುತ್ತದೆ. ಸ್ಕೂಲ್ ವ್ಯಾನಿಗೆ ಮಗಳು ಏಳು ಗಂಟೆಗೇ ನಿಲ್ಲುತ್ತಾಳೆ. ರಾತ್ರಿ ಅಪ್ಪನಿಗೆ ಎದೆ ಹಿಡಿದ ಹಾಗೆ ಆದ ದಿನ ಆಸ್ಪತ್ರೆಗೆ ಐವತ್ತು ನಿಮಿಷ ಬೇಕಾಯಿತು. ಗ್ಯಾಸು ಅಂತ ಗೊತ್ತಾಗಿ ನಿಟ್ಟುಸಿರು ಬಿಟ್ಟೆವು. ಆದರೂ ಆ ಐವತ್ತು ನಿಮಿಷವನ್ನು ನಾನು ಮರೆತಿಲ್ಲ. ವಯಸ್ಸಾದವರು ಇರುವ ಮನೆಯವರು ಸೈಟಿನಿಂದ ಆಸ್ಪತ್ರೆಗೆ ಒಮ್ಮೆ ಗಾಡಿ ಓಡಿಸಿ ನೋಡಲೇಬೇಕು, ಅದೂ ಸಂಜೆ ಆರರ ಟ್ರಾಫಿಕ್ಕಿನಲ್ಲಿ. ಸಾಧ್ಯ ಆದರೆ ಮಾರ್ಚ್‌ನಿಂದ ಮೇವರೆಗೆ ಅದೇ ಊರಿನಲ್ಲಿ ಬಾಡಿಗೆಗೆ ಇದ್ದು ನೋಡಿ. ಯಾವ ವಕೀಲರೂ ಹೇಳದ್ದನ್ನು ಆ ಮೂರು ತಿಂಗಳು ಹೇಳುತ್ತದೆ.

ಇಷ್ಟೆಲ್ಲ ಇದ್ದೂ ನಾವು ಇಲ್ಲೇ ಇದ್ದೇವೆ. ಬೆಳಿಗ್ಗೆ ಅಪ್ಪ ಬರಿಗಾಲಲ್ಲಿ ಅಂಗಳಕ್ಕೆ ಇಳಿದು ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಾರೆ. ಅವರಿಗೆ ಬೇಕಿದ್ದ ಜಾಗ ಸಿಕ್ಕಿದೆ.

ನಮ್ಮ ಲೇಔಟಿನಲ್ಲಿ ಅರ್ಧಕ್ಕರ್ಧ ಸೈಟು ಇನ್ನೂ ಖಾಲಿ. ಈ ಜಮೀನು ಮಾರಿದ ಗೌಡರು ಪಕ್ಕದ ಹಳ್ಳಿಯಲ್ಲೇ ಇದ್ದಾರೆ. ಬಂದ ದುಡ್ಡು ಎರಡು ಮದುವೆಗೆ, ಮಗನ ಕಾರಿಗೆ, ಹಳೇ ಸಾಲಕ್ಕೆ ಹೋಯಿತು ಅಂತ ಅವರೇ ಹೇಳಿದರು. ಪ್ರತಿ ವರ್ಷ ಮುಂಗಾರಿಗೆ ಬಂದು "ಏನ್ ಸಾ, ಈ ಸಲಾನೂ ರಾಗಿ ಹಾಕ್ಲಾ?" ಅಂತ ಕೇಳುತ್ತಾರೆ. ಹಾಕಿ ಗೌಡ್ರೇ ಅನ್ನುತ್ತೇವೆ. ಹಳದಿ ಬಣ್ಣದಲ್ಲಿ ನಂಬರ್ ಬರೆದ ಸೈಟಿನ ಕಲ್ಲುಗಳ ನಡುವೆ ರಾಗಿ ತೆನೆ ಬಿಡುತ್ತದೆ, ಸಾಲಿನ ಮಧ್ಯೆ ಅವರೆ ಹಬ್ಬುತ್ತದೆ.

ಲೇಔಟಿನ ಪಾರ್ಕಿಗೆ ಅಂತ ಬಿಟ್ಟ ಜಾಗದಲ್ಲಿ ಅವರ ಅಪ್ಪ ತೋಡಿಸಿದ್ದ ಒಂದು ಬಾವಿ ಇದೆ. ನಾವು ಬಂದಾಗ ಅರ್ಧ ಮಣ್ಣು, ಅರ್ಧ ಪ್ಲಾಸ್ಟಿಕ್. ಹೋದ ಬೇಸಿಗೆಯಲ್ಲಿ ಮನೆಗೆ ಇಷ್ಟು ಅಂತ ದುಡ್ಡು ಹಾಕಿ ಬಾವಿ ಕೆಲಸದವರನ್ನು ಕರೆಸಿ ಹೂಳು ತೆಗೆಸಿದೆವು. ಹತ್ತಿರದ ಆರು ಮನೆಗಳ ಛಾವಣಿ ನೀರನ್ನು ಪೈಪಿನಲ್ಲಿ ಅದಕ್ಕೆ ತಿರುಗಿಸಿದೆವು. ಅಕ್ಟೋಬರಿನಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂತು. ಐದನೇ ದಿನ ಬೆಳಿಗ್ಗೆ ಗೌಡರು ಬಂದು ಬಾವಿ ಕಟ್ಟೆ ಹಿಡಿದು ಬಗ್ಗಿ ನೋಡಿದರು. ಒಂದು ಸಣ್ಣ ಕಲ್ಲು ತಗೊಂಡು ಒಳಗೆ ಬಿಟ್ಟರು. ನೀರಿನ ಸದ್ದು ಬಂತು. ಇನ್ನೊಂದು ಕಲ್ಲು ಬಿಟ್ಟರು.